ಪಾಳಿ ತಪ್ಪದ ತೋಟ

ಮುಂಗಾರು ಹಿಡಿದ ಮೇಲೆ ಮಠಕ್ಕೆ ಬರುವ ಸದ್ಭಕ್ತರ ಮಾತಿನಲ್ಲಿ ಬೀಜ, ಗೊಬ್ಬರ, ಎತ್ತಿನ ಬೆಲೆಗಳ ಜೊತೆಗೆ ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ವಿಷಯವೂ ಕೂಡಿಕೊಂಡಿದೆ. ಅದು ಊರವರೆಲ್ಲ ಸೇರಿ ಮಾಡುವ ತೋಟದ ವಿಷಯ. ಶಾಲೆಯ ಹಿಂದಿನ ಬಯಲು, ಗುಡಿಯ ಪಕ್ಕದ ಪಾಳುಜಾಗ, ಮಠದ ಹಿತ್ತಲು, ಪಂಚಾಯಿತಿಯವರು ಬೇಲಿ ಬಡಿದು ಬಿಟ್ಟಿರುವ ನಾಲ್ಕೈದು ಗುಂಟೆ ನೆಲ, ಇಂಥ ಕಡೆಗಳಲ್ಲಿ ಹತ್ತಿಪ್ಪತ್ತು ಮನೆಯವರು ಕೂಡಿ ಕಾಯಿಪಲ್ಲೆ, ಹೂವು, ಪತ್ರೆಗಳನ್ನು ಬೆಳೆಯಬೇಕೆಂಬ ಹಂಬಲ ಹಲವು ಊರುಗಳಲ್ಲಿ ಮೂಡಿದೆ. ಸ್ವಸಹಾಯ ಸಂಘದ ತಾಯಂದಿರು, ತರುಣರು, ನಿವೃತ್ತ ಮಾಸ್ತರರು ಬಂದು "ಅಜ್ಜಾರ, ತಾವು ಬಂದು ಮೊದಲ ಗುದ್ದಲಿ ಹಾಕಬೇಕ್ರೀ" ಎಂದು ಬಿನ್ನವಿಸಿಕೊಳ್ಳುತ್ತಾರೆ. ನಾವು ಸಂತೋಷದಿಂದಲೇ ಹೋಗುತ್ತೇವೆ. ಆದರೆ ಮೊದಲ ಗುದ್ದಲಿಗೆ ಸ್ವಾಮಿಗಳು ಬೇಕಾಗಿಲ್ಲ. ನೂರನೆಯ ಗುದ್ದಲಿ ಹಾಕುವವರು ಯಾರು ಎಂಬುದು ದೊಡ್ಡ ಪ್ರಶ್ನೆ. ಈ ವಾರ ಅದನ್ನೇ ಭಕ್ತರ ಮುಂದಿಡಬೇಕೆಂದಿದ್ದೇವೆ.

ತೋಟವೆಂಬುದು ಶರಣ ಪರಂಪರೆಗೆ ಹೊರಗಿನ ವಸ್ತುವಲ್ಲ. ಕುಣಿಗಲ್ ಸೀಮೆಯ ಕಗ್ಗೆರೆಯ ತೋಟದಲ್ಲಿ ಶಿವಯೋಗ ಸಾಧನೆ ಮಾಡಿದ ಕಾರಣಕ್ಕೇ ಸಿದ್ಧಲಿಂಗ ಯತಿಗಳು ತೋಂಟದ ಸಿದ್ಧಲಿಂಗರೆನಿಸಿದರು. ಎಡೆಯೂರಿನಲ್ಲಿ ಅವರ ಗದ್ದುಗೆಗೆ ನಡೆದುಕೊಳ್ಳುವ ಭಕ್ತರಿಗೆ ಇದು ತಿಳಿಯದ ಸಂಗತಿಯಲ್ಲ. ಅಲ್ಲಮಪ್ರಭುದೇವರು ತೋಟಿಗ ಗೊಗ್ಗಯ್ಯನನ್ನು ಕಂಡ ಪ್ರಸಂಗವನ್ನು ಪುರಾಣ ಹೇಳುವ ಶಾಸ್ತ್ರಿಗಳ ಬಾಯಲ್ಲಿ ಹಿರಿಯರು ಕೇಳಿಯೇ ಇದ್ದೀರಿ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದಾಗ ಮಣ್ಣು ಹೊತ್ತವರು ಭಕ್ತ ಸಮೂಹದವರು. ಇಂದಿನ ಸೊಲ್ಲಾಪುರದಲ್ಲಿ ಆ ಕೆರೆಯ ನೀರು ಈಗಲೂ ಕಾಣಸಿಗುತ್ತದೆ. ಇಷ್ಟು ಹೇಳಿ ಈ ಭಾಗವನ್ನು ಇಲ್ಲಿಗೆ ಬಿಡುತ್ತೇವೆ. ಏಕೆಂದರೆ ಹಿಂದಿನವರ ಹೆಸರು ಹೇಳಿ ಇಂದಿನವರ ಮಡಿಗೆ ನೀರು ಹಾಯಿಸಲು ಬರುವುದಿಲ್ಲ. ಮಡಿ ಎಂದರೆ ಇಲ್ಲಿ ಕಾಯಿಪಲ್ಲೆಯ ಮಡಿ. ಮುಟ್ಟಿಸಿಕೊಳ್ಳದ ಮಡಿಯನ್ನು ಶರಣರು ಅಂದೇ ಬಿಟ್ಟರು. ಈ ಮಡಿಯನ್ನಾದರೋ ದಿನವೂ ಮುಟ್ಟಿದಷ್ಟೂ ಒಳ್ಳೆಯದು.

ತೋಟ ಹೇಗೆ ಸಾಯುತ್ತದೆ ಎಂಬುದನ್ನು ನಾವು ಸಂಚಾರದಲ್ಲಿ ಅನೇಕ ಕಡೆ ಕಂಡಿದ್ದೇವೆ. ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಂದೇ ರೀತಿ. ಮೃಗಶಿರಾ ಮಳೆಯ ಹೊತ್ತಿಗೆ ನಲವತ್ತು ಮನೆಯವರು ಹೆಸರು ಬರೆಸುತ್ತಾರೆ. ಪಟ್ಟಿ ಹಾಕಿ ಹಣ ಕೂಡಿಸುತ್ತಾರೆ, ಫೋಟೊ ತೆಗೆಸುತ್ತಾರೆ. ಮೆಂತ್ಯ, ರಾಜಗಿರಿ, ಪುಂಡಿಪಲ್ಲೆ ಮೊಳಕೆಯೊಡೆದಾಗ ಸಂಜೆ ಹೊತ್ತು ಅಲ್ಲಿ ಜಾತ್ರೆಯೇ ನೆರೆದಿರುತ್ತದೆ. ಶ್ರಾವಣದಲ್ಲಿ ಹೂವು, ಪತ್ರೆ ಮನೆಮನೆಗೆ ಹೋಗುವಾಗ ಎಲ್ಲರ ಮುಖದಲ್ಲಿಯೂ ಕಳೆ. ಅದಾದ ಮೇಲೆ ಹೊಲದ ಸುಗ್ಗಿ ಬರುತ್ತದೆ, ಮದುವೆ ಮುಂಜಿಗಳು ಬರುತ್ತವೆ, ಒಬ್ಬೊಬ್ಬರೇ ಕಾಣೆಯಾಗುತ್ತಾರೆ. ಶಿವರಾತ್ರಿ ಕಳೆದು ಬಿಸಿಲು ಏರಿದಾಗ ಅಲ್ಲಿ ಉಳಿದವರು ಆರೇಳು ಮಂದಿ. ಯುಗಾದಿಯ ಹೊತ್ತಿಗೆ ಬೇಲಿಯಲ್ಲಿ ಒಂದು ಕಂಡಿ ಬೀಳುತ್ತದೆ, ಆಡು ನುಗ್ಗುತ್ತವೆ, ಮೋಟಾರು ಸುಟ್ಟರೆ ಕಟ್ಟಿಸುವವರಿರುವುದಿಲ್ಲ. ಮರುವರ್ಷ ಅದೇ ಜಾಗದಲ್ಲಿ ತಿಪ್ಪೆ ಏಳುತ್ತದೆ.

ಮಳೆ ಕಡಿಮೆಯಾಗಿ ಸತ್ತ ತೋಟವನ್ನು ನಾವು ಅಷ್ಟಾಗಿ ಕಂಡಿಲ್ಲ. ಮಂದಿ ಕಡಿಮೆಯಾಗಿ ಸತ್ತವನ್ನೇ ಹೆಚ್ಚು ಕಂಡಿದ್ದೇವೆ. ಅರಸನು ರಾತ್ರಿ ಹೊತ್ತು ಮನೆಗೊಂದು ಗಿಂಡಿ ಹಾಲನ್ನು ಹೊಂಡಕ್ಕೆ ಸುರಿಯಿರೆಂದು ಅಪ್ಪಣೆ ಮಾಡಿದಾಗ, ಎಲ್ಲರೂ ಹಾಲೇ ಹಾಕುತ್ತಾರೆ, ನನ್ನದೊಂದು ಗಿಂಡಿ ನೀರಾದರೆ ಯಾರಿಗೆ ತಿಳಿದೀತು ಎಂದು ಒಬ್ಬೊಬ್ಬರೂ ಎಣಿಸಿ, ಬೆಳಗಾಗುವಾಗ ಹೊಂಡದ ತುಂಬ ಬರಿಯ ನೀರೇ ನಿಂತಿದ್ದ ಕಥೆಯನ್ನು ಮಕ್ಕಳಿಗೆಲ್ಲ ಹೇಳುತ್ತೇವೆ. ಆ ಕಥೆಯಲ್ಲಿ ನಾವು ಬೈಯುವುದು ಪ್ರಜೆಗಳನ್ನು. ಸ್ವಲ್ಪ ಅರಸನನ್ನೂ ಬೈಯಬೇಕು ಎಂಬುದು ನಮ್ಮ ಅಭಿಪ್ರಾಯ. ಕತ್ತಲಲ್ಲಿ, ಲೆಕ್ಕವಿಲ್ಲದೆ, ಯಾರ ಪಾಲು ಯಾವುದೆಂದು ತಿಳಿಯದಂತೆ ಹಾಲು ಸುರಿಯಲು ಹೇಳಿದವನು ಅವನೇ ಅಲ್ಲವೆ? ಹಗಲು ಹೊತ್ತಿನಲ್ಲಿ, ಹೆಸರು ಕೂಗಿ ಹಾಕಿಸಿದ್ದರೆ ಹೊಂಡ ಹಾಲಾಗಿಯೇ ಇರುತ್ತಿತ್ತು.

ಇದು ನಮ್ಮ ಹಳ್ಳಿಯವರ ಆಲಸ್ಯದಿಂದ ಮಾತ್ರ ಆಗುವುದೆಂದು ಯಾರೂ ತಿಳಿಯಬೇಕಾಗಿಲ್ಲ. ಆರಂಭಶೂರತ್ವಕ್ಕೆ ದೇಶಭಾಷೆಗಳ ಗಡಿಯಿಲ್ಲ. ಇದಕ್ಕೆ ಜರ್ಮನಿ ದೇಶದ ಒಂದು ನಿದರ್ಶನವನ್ನು ಹೇಳುತ್ತೇವೆ, ಭಕ್ತರು ಆಲಿಸಬೇಕು. ಅಲ್ಲಿ ಲೈಪ್ಜಿಗ್ ಎಂಬ ನಗರವಿದೆ. ಶ್ರೇಬರ್ ಎಂಬ ವೈದ್ಯರ ಹೆಸರಿನಲ್ಲಿ ಅಲ್ಲಿನ ಶಾಲೆಯವರು ಹಾಗೂ ತಂದೆ ತಾಯಿಗಳು ಸೇರಿ 1865ರಲ್ಲಿ ಮಕ್ಕಳಿಗೆಂದು ಒಂದು ಆಟದ ಬಯಲನ್ನು ಮಾಡಿದರು. ಕೆಲವು ವರ್ಷಗಳಲ್ಲಿಯೇ ಗೆಸೆಲ್ ಎಂಬ ಮಾಸ್ತರರು ಆ ಬಯಲಿನ ಅಂಚಿಗೆ ಮಕ್ಕಳಿಗಾಗಿ ಸಣ್ಣ ಸಣ್ಣ ಮಡಿಗಳನ್ನು ಹಾಕಿಸಿದರು. ಮಕ್ಕಳು ಉತ್ಸಾಹದಿಂದ ಬೀಜ ಹಾಕಿದರು. ಕೆಲವೇ ದಿನಗಳಲ್ಲಿ ಬೇಸರಗೊಂಡು ಆಟಕ್ಕೆ ಓಡಿದರು, ಮಡಿಗಳಲ್ಲಿ ಕಸ ಬೆಳೆಯಿತು. ಆಗ ತಂದೆ ತಾಯಿಗಳೇ ಕೈಹಾಕಿದರು. ಮಕ್ಕಳ ಮಡಿಗಳು ಮನೆತನದ ಮಡಿಗಳಾದವು, ಅವಕ್ಕೆ ಬೇಲಿ ಬಂತು, ಸಂಘ ಬಂತು, ನಿಯಮ ಬಂತು. ಇಂದು ಆ ದೇಶದಲ್ಲಿ ಇಂಥ ಸಂಘದ ತೋಟಗಳು ಸುಮಾರು 9 ಲಕ್ಷ ಇವೆ. 1983ರ ಕಾಯಿದೆಯಂತೆ ಒಬ್ಬರಿಗೆ 400 ಚದರ ಮೀಟರಿಗಿಂತ, ಎಂದರೆ ನಮ್ಮ ನಾಲ್ಕು ಗುಂಟೆಗಿಂತ ಹೆಚ್ಚಿನ ನೆಲ ಇರಬಾರದು. ಅನೇಕ ಸಂಘಗಳಲ್ಲಿ ವರ್ಷಕ್ಕೆ ಇಂತಿಷ್ಟು ತಾಸು ಎಲ್ಲರ ಸಲುವಾಗಿ ದುಡಿಯಬೇಕು, ದುಡಿಯದವರು ಆ ತಾಸಿನ ಹಣ ಕಟ್ಟಬೇಕು.

ಇಂಗ್ಲೆಂಡಿನಲ್ಲಿಯೂ ಹೀಗೆಯೇ. ಬಡವರ ಕೈಗೆ ತುಂಡು ನೆಲ ಕೊಡುವ ಹೊಣೆಯನ್ನು 1908ರ ಕಾಯಿದೆ ಊರ ಆಡಳಿತದ ಮೇಲೆ ಹೊರಿಸಿತು. ಆರು ಮಂದಿ ಸೇರಿ ಅರ್ಜಿ ಕೊಟ್ಟರೆ ಆಡಳಿತದವರು ಅದನ್ನು ಪರಿಗಣಿಸಲೇಬೇಕು. ಅಲ್ಲಿನ ವಾಡಿಕೆಯ ಅಳತೆ ಸುಮಾರು 250 ಚದರ ಮೀಟರ್, ಅಂದರೆ ಎರಡೂವರೆ ಗುಂಟೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಥ ತುಂಡುಗಳು ಸುಮಾರು 14 ಲಕ್ಷ ಇದ್ದು, ಹೊರಗಿನ ಹಡಗು ಬಾರದಿದ್ದಾಗ ಮನೆಗಳ ಒಲೆ ಉರಿಯಲು ನೆರವಾದವು. ಇಂದಿಗೂ ಎಷ್ಟೋ ಊರುಗಳಲ್ಲಿ ತುಂಡು ನೆಲಕ್ಕಾಗಿ ವರ್ಷಗಟ್ಟಲೆ ಕಾಯುವವರಿದ್ದಾರೆ. ಆದ್ದರಿಂದಲೇ ಹಿಡಿದ ನೆಲವನ್ನು ಬೀಳು ಬಿಟ್ಟವನಿಗೆ ನೋಟೀಸು ಹೋಗುತ್ತದೆ. ಅಮೆರಿಕದ ಸಿಯಾಟಲ್ ನಗರದಲ್ಲಿ ಪಿಕಾರ್ಡೊ ಎಂಬ ಇಟಲಿ ಮೂಲದ ರೈತ ಮನೆತನದ ಹೊಲದಲ್ಲಿ 1973ರಲ್ಲಿ ಆರಂಭವಾದ ಸಾರ್ವಜನಿಕ ತೋಟಗಳಿವೆ. ಅಲ್ಲಿಯೂ ತನ್ನ ಮಡಿಯನ್ನು ನೋಡಿಕೊಂಡರಷ್ಟೇ ಸಾಲದು. ದಾರಿ, ಬೇಲಿ, ಗೊಬ್ಬರದ ಗುಂಡಿಗಳ ಕೆಲಸಕ್ಕೂ ವರ್ಷಕ್ಕಿಷ್ಟು ತಾಸು ಕೊಡಬೇಕು. ಹಸಿದವರ ದಾಸೋಹಕ್ಕೆ ಅಲ್ಲಿಂದ ಪ್ರತಿವರ್ಷ ರಾಶಿ ರಾಶಿ ಕಾಯಿಪಲ್ಲೆ ಹೋಗುತ್ತದೆ.

ಪರದೇಶದ ಮಾತು ಸಾಕು. ಅವರ ನಿಯಮವನ್ನು ಇಲ್ಲಿ ತಂದು ಅಂಟಿಸಿಕೊಳ್ಳಬೇಕೆಂದು ನಾವು ಹೇಳುತ್ತಿಲ್ಲ. ನಮ್ಮಲ್ಲಿಯೇ ಅದಕ್ಕಿಂತ ಹಳೆಯ ವ್ಯವಸ್ಥೆ ಇತ್ತು. ಮುಯ್ಯಿ ಎಂಬ ಮಾತನ್ನು ಹಿರಿಯರು ಮರೆತಿರಲಾರಿರಿ. ನಿನ್ನ ಹೊಲಕ್ಕೆ ಇಂದು ನಾನು ಬಂದರೆ ನನ್ನ ಹೊಲಕ್ಕೆ ನಾಳೆ ನೀನು ಬರಬೇಕು. ಆಳಿಗೆ ಆಳು, ಗಳೇಕ್ಕೆ ಗಳೇ. ಅಲ್ಲಿ ಕಾಗದವಿರಲಿಲ್ಲ, ಆದರೆ ಲೆಕ್ಕ ಬಹಳ ಬಿಗಿಯಾಗಿತ್ತು. ಒಂದು ದಿನದ ಮುಯ್ಯಿ ತೀರಿಸದವನ ಮನೆಯ ಹೆಸರು ಮೂರು ತಲೆಮಾರು ನೆನಪಿರುತ್ತಿತ್ತು. ಕೆರೆಯಿದ್ದ ಊರುಗಳಲ್ಲಿ ನೀರುಗಂಟಿ ಇದ್ದನು. ತೂಬು ಎತ್ತುವವನು ಅವನೊಬ್ಬನೇ. ಗೌಡನ ಗದ್ದೆಯಾಗಲಿ ಬಡವನ ಗದ್ದೆಯಾಗಲಿ ಪಾಳಿ ಬಂದಾಗಲೇ ನೀರು. ಅವನಿಗೆ ಸುಗ್ಗಿಯಲ್ಲಿ ಕಣದಿಂದಲೇ ಕಾಳು ಅಳೆದು ಕೊಡುತ್ತಿದ್ದರು. ಊರ ಕೆಲಸವೆಂದು ಅವನನ್ನು ಯಾರೂ ಬಿಟ್ಟಿ ದುಡಿಸಲಿಲ್ಲ ಎಂಬುದನ್ನು ಗಮನಿಸಬೇಕು. ಈ ಮಾತಿಗೆ ನಾವು ಮತ್ತೆ ಬರುತ್ತೇವೆ.

ಮೊದಲು ಲೆಕ್ಕವನ್ನು ನೋಡೋಣ. ಭಕ್ತಿಯ ಕೆಲಸಕ್ಕೆ ಲೆಕ್ಕವೇಕೆ ಎನ್ನುವವರಿದ್ದಾರೆ. ಲೆಕ್ಕವಿಲ್ಲದ ಭಕ್ತಿ ಮೂರು ತಿಂಗಳಿನದು. ಐದು ಗುಂಟೆ ನೆಲವೆಂದರೆ 5,445 ಚದರ ಅಡಿ. ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ಮಡಿಗಳನ್ನು ಮಾಡಿದರೆ ಎಂಬತ್ತು ಮಡಿಗಳು ಕೂತು, ಕಾಲುದಾರಿಗೂ ಗೊಬ್ಬರದ ಗುಂಡಿಗೂ ನಾಲ್ಕಾರು ಪತ್ರೆ ಗಿಡಗಳಿಗೂ ಜಾಗ ಉಳಿಯುತ್ತದೆ. ಸುಡುಬೇಸಿಗೆಯಲ್ಲಿ ಒಂದು ಮಡಿಗೆ ದಿನಕ್ಕೆ ಹದಿನೆಂಟು ಇಪ್ಪತ್ತು ಲೀಟರ್ ನೀರು ಬೇಕು. ಎಂಬತ್ತು ಮಡಿಗೆ ಸುಮಾರು ಒಂದೂವರೆ ಸಾವಿರ ಲೀಟರ್, ಅಂದರೆ ನಮ್ಮ ಹೆಣ್ಣುಮಕ್ಕಳ ಲೆಕ್ಕದಲ್ಲಿ ನೂರು ಕೊಡ. ಪೈಪು ಇದ್ದರೂ ಇಬ್ಬರಿಗೆ ಒಂದೂವರೆ ತಾಸಿನ ಕೆಲಸ. ಈಗ ಇಪ್ಪತ್ತು ಮನೆಗಳು ಸದಸ್ಯರಾಗಿ, ದಿನಕ್ಕೆ ಎರಡು ಮನೆಯಂತೆ ಪಾಳಿ ಹಚ್ಚಿದರೆ, ಒಂದು ಮನೆಗೆ ಹತ್ತು ದಿನಕ್ಕೊಮ್ಮೆ ಬರುತ್ತದೆ. ತಿಂಗಳಿಗೆ ಮೂರು ಬೆಳಗು. ಇದನ್ನು ಯಾವ ಮನೆಯವರೂ ಮಾಡಬಲ್ಲರು. ಅದೇ ಏಳು ಮಂದಿಯೇ ಉಳಿದರೆ ಮೂರು ನಾಲ್ಕು ದಿನಕ್ಕೊಮ್ಮೆ ಒಬ್ಬೊಬ್ಬರ ಕೊರಳಿಗೆ ಬೀಳುತ್ತದೆ. ಅವರೂ ಹೊಲ ಮನೆ ಉಳ್ಳವರು, ಎಷ್ಟು ದಿನ ಎಳೆದಾರು?

ಹಾಗಾದರೆ ಹೆಚ್ಚು ಮಂದಿಯನ್ನು ಸೇರಿಸಿಕೊಂಡರೆ ಒಳ್ಳೆಯದಲ್ಲವೆ ಎಂದು ಕೇಳುತ್ತೀರಿ. ಅಲ್ಲ. ನಲವತ್ತು ಮನೆಗಳಾದರೆ ಪಾಳಿ ಇಪ್ಪತ್ತು ದಿನಕ್ಕೊಮ್ಮೆ ಬರುತ್ತದೆ. ಇಪ್ಪತ್ತು ದಿನಕ್ಕೊಮ್ಮೆ ಬರುವುದನ್ನು ಮನಸ್ಸು ಮರೆಯುತ್ತದೆ. ಪಾಳಿ ತೀರ ಹತ್ತಿರವಾದರೆ ಬೆನ್ನು ಮುರಿಯುತ್ತದೆ, ತೀರ ದೂರವಾದರೆ ನಂಟು ಹರಿಯುತ್ತದೆ. ಆದ್ದರಿಂದ ಹೆಸರು ಬರೆಸಲು ಬಂದವರನ್ನೆಲ್ಲ ಮೊದಲ ದಿನವೇ ಒಳಗೆ ಕರೆದುಕೊಳ್ಳಬೇಡಿರಿ. ನೆಲವೂ ನೀರೂ ಎಷ್ಟು ಮನೆಗಳನ್ನು ತಾಳುವುದೋ ಅಷ್ಟು ಮನೆಗಳನ್ನು ಬರೆದುಕೊಂಡು, ಉಳಿದವರ ಹೆಸರನ್ನು ಬೇರೆ ಹಾಳೆಯಲ್ಲಿ ಸಾಲಾಗಿ ಬರೆದಿಡಿರಿ. ಹೊರಗೆ ಕಾಯುವವರಿದ್ದಾರೆಂದು ತಿಳಿದರೆ ಒಳಗಿನವರ ಕೈ ಚುರುಕಾಗುತ್ತದೆ. ಹೊಸ ಮನೆಗೆ ಮೊದಲ ಹಂಗಾಮಿನಲ್ಲಿ ಒಂದೇ ಮಡಿ ಕೊಡಿರಿ, ನಾಲ್ಕು ಕೊಡಬೇಡಿರಿ. ಒಂದನ್ನು ಹಸನಾಗಿ ಇಟ್ಟವರಿಗೆ ಎರಡನೆಯದು.

ಅಳತೆಯ ಈ ವಿಚಾರದಲ್ಲಿ ಆಯ್ದಕ್ಕಿ ಲಕ್ಕಮ್ಮನವರು ನಮಗೆ ಗುರುಸ್ಥಾನದಲ್ಲಿದ್ದಾರೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ವಾಡಿಕೆಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಹಿಗ್ಗಲಿಲ್ಲ. ಇಷ್ಟು ನಮಗೇಕೆ, ಎಲ್ಲಿಯದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಪತಿಯನ್ನೇ ಹಿಂದಕ್ಕೆ ಕಳಿಸಿದರು. ಪುರಾಣದಲ್ಲಿ ಇದನ್ನು ನಿರಾಶೆಯ ಗುಣವೆಂದು ವರ್ಣಿಸುತ್ತೇವೆ, ಅದು ಸರಿಯೇ. ಆದರೆ ದುಡಿಮೆಗೂ ಇದೇ ಅಳತೆಯಿದೆ. ಹೆಚ್ಚು ಹೊರುತ್ತೇನೆಂದು ಮಾತು ಕೊಟ್ಟು ನಡುದಾರಿಯಲ್ಲಿ ಇಳಿಸುವುದಕ್ಕಿಂತ ತನ್ನ ಅಳತೆಯದನ್ನು ಹೊತ್ತು ಕೊನೆ ಮುಟ್ಟಿಸುವುದು ಮೇಲು.

ಒಂದು ಊರಿನ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆವು. ಊರಿನ ಹೆಸರು ಬೇಡ. ಅಲ್ಲಿನ ಗುಡಿಯ ತೋಟಕ್ಕೆ ಒಬ್ಬ ಮುದುಕರು ದಿನವೂ ನೀರು ಬಿಡುತ್ತಿದ್ದರು. ಯಾರ ಪಾಳಿ ತಪ್ಪಿದರೂ "ಇರಲಿ ಬಿಡ್ರಿ, ನಾ ಅದೀನಿ" ಎನ್ನುವ ಮನುಷ್ಯ. ಊರವರು ಅವರನ್ನು ದೇವರಂಥವರೆಂದು ಹೊಗಳುತ್ತ ತಮ್ಮ ಪಾಳಿಯನ್ನೆಲ್ಲ ಅವರ ಹೆಗಲಿಗೆ ಸರಿಸಿದರು. ಎರಡನೆಯ ಬೇಸಿಗೆಯಲ್ಲಿ ಅವರು ಬದುವಿನ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಹದಿನೈದು ದಿನಗಳಲ್ಲಿ ತೋಟ ಒಣಗಿತು. ನಾವು ಅವರನ್ನು ನೋಡಲು ಹೋದಾಗ ಅವರು ತಮ್ಮ ನೋವಿನ ಮಾತು ಎತ್ತಲಿಲ್ಲ. "ಅಜ್ಜಾರ, ಮಲ್ಲಿಗೆ ಕಂಟಿ ಉಳದಾವೇನ್ರೀ?" ಎಂದು ಕೇಳಿದರು. ಉಳಿದಿರಲಿಲ್ಲ. ಒಬ್ಬ ಒಳ್ಳೆಯವನ ಮೇಲೆ ನಿಂತ ತೋಟವನ್ನು ನಾವು ಊರ ತೋಟವೆಂದು ಕರೆಯಲಾರೆವು. ಅದು ಅವನ ಶೋಷಣೆ. ಹೊಗಳಿಕೆಯಿಂದ ಮಾಡಿದ ಶೋಷಣೆ ಎಂಬುದಷ್ಟೇ ವ್ಯತ್ಯಾಸ.

ಅದೇ ಊರಿನಲ್ಲಿ ಅಂದು ಸಂಜೆ ಗುಡಿಯ ಕಟ್ಟೆಯ ಮೇಲೆ ದೈವದವರು ಕೂಡಿದರು. ತಪ್ಪಿಸಿದವರ ಹೆಸರು ಹೊಡೆದು ಹಾಕಬೇಕೆಂದು ಒಂದು ಪಕ್ಷ. ಎಲ್ಲರೂ ನಮ್ಮವರೇ, ಹಾಗೆ ಮಾಡಬಾರದೆಂದು ಇನ್ನೊಂದು ಪಕ್ಷ. ಮೊದಲಿಗೆ ಬಂದದ್ದು ಒಬ್ಬ ವಿಧವೆ ತಾಯಿಯ ಹೆಸರು. ಅವಳ ಮಡಿಯಲ್ಲಿ ಕಾಂಗ್ರೆಸ್ ಕಸ ಎದೆಯೆತ್ತರ ಬೆಳೆದಿದೆ, ಅದರ ಬೀಜ ಎಲ್ಲರ ಮಡಿಗೂ ಹಾರುತ್ತಿದೆ ಎಂದು ದೂರು. ದೂರು ಸುಳ್ಳಲ್ಲ. ಆ ಕಸದ ಒಂದೊಂದು ಗಿಡದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಬೀಜ. ಎಲ್ಲರೂ ತಲೆಯಾಡಿಸುತ್ತಿರುವಾಗ ಹಿಂದೆ ಕೂತಿದ್ದ ಒಬ್ಬ ಹೆಣ್ಣುಮಗಳು ಎದ್ದು, "ಆಕಿ ಮಗಳ ಬಾಣಂತನಕ್ಕ ಹೋಗಿ ಮೂರು ತಿಂಗಳಾತ್ರೀ, ಯಾರರ ಹೋಗಿ ಕೇಳೀರೇನು?" ಎಂದಳು. ಯಾರೂ ಕೇಳಿರಲಿಲ್ಲ. ಅವಳ ಮಡಿಯ ಆಚೆಗೇ ಊರಿನ ಒಬ್ಬ ದೊಡ್ಡ ಮನೆಯವರ ನಾಲ್ಕು ಮಡಿಗಳಿದ್ದವು. ಮೊದಲ ದಿನ ಫೋಟೊಕ್ಕೆ ನಿಂತವರು ಮತ್ತೆ ಬಂದಿರಲಿಲ್ಲ. ಆ ನಾಲ್ಕೂ ಮಡಿಗಳಲ್ಲಿ ಅದೇ ಕಸ. ಅವರ ಹೆಸರನ್ನು ಯಾರ ನಾಲಿಗೆಯೂ ಎತ್ತಲಿಲ್ಲ.

ನಾವು ಅಂದು ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇವೆ. ನಿಯಮ ದೊಡ್ಡ ಮನೆಯಿಂದ ಆರಂಭವಾಗಬೇಕು. ಬಡವಳ ಮಡಿಯಿಂದ ಆರಂಭವಾದ ನಿಯಮವನ್ನು ಊರು ಮನಸ್ಸಿನಲ್ಲಿ ಎಂದೂ ಒಪ್ಪುವುದಿಲ್ಲ. ಎರಡನೆಯದಾಗಿ, ಪಾಳಿ ತಪ್ಪಿದವರ ಮನೆಗೆ ಮೂರನೆಯ ದಿನವೇ ಒಬ್ಬರು ಹೋಗಬೇಕು. ಬೈಯಲಿಕ್ಕಲ್ಲ, ಏನಾಯಿತೆಂದು ಕೇಳಲಿಕ್ಕೆ. ಹತ್ತರಲ್ಲಿ ಏಳು ಸಲ ಅಲ್ಲಿ ಬೇನೆಯೋ ಬಾಣಂತನವೋ ಕೂಲಿಯ ತೊಂದರೆಯೋ ಇರುತ್ತದೆ. ಆಗ ಪಕ್ಕದ ಮನೆಯವರು ಆ ಪಾಳಿಯನ್ನು ಮುಯ್ಯಾಗಿ ಹೊರಲಿ, ಆ ಮುಯ್ಯಿ ಪುಸ್ತಕದಲ್ಲಿ ದಾಖಲಾಗಲಿ. ಕಾರಣವಿಲ್ಲದೆ ಮತ್ತೆ ತಪ್ಪಿದರೆ ಅಮಾವಾಸ್ಯೆಯ ಸಭೆಯಲ್ಲಿ ಹೆಸರು ಹೇಳಿ ಕೇಳಬೇಕು. ಮತ್ತೂ ತಪ್ಪಿದರೆ ಮಡಿಯನ್ನು ಸಾಲಿನಲ್ಲಿ ಕಾಯುವವರಿಗೆ ಕೊಡಬೇಕು, ಅದಕ್ಕೆ ಹಿಂಜರಿಕೆ ಬೇಡ. ನೆಲವನ್ನು ಬೀಳು ಕೆಡವಿ ಸ್ನೇಹ ಉಳಿಸಿಕೊಂಡೆವೆನ್ನುವುದು ಭ್ರಮೆ. ದುಡಿಯುವವರ ಹೊಟ್ಟೆಯಲ್ಲಿ ಕಿಚ್ಚು ಬೆಳೆಯುತ್ತಿರುತ್ತದೆ.

ಆಶ್ಚರ್ಯವೆಂದರೆ, ಎಲಿನೋರ್ ಆಸ್ಟ್ರಮ್ ಎಂಬ ಅಮೆರಿಕದ ವಿದುಷಿ ಇದನ್ನೇ ಬೇರೆ ದಾರಿಯಿಂದ ಕಂಡುಕೊಂಡರು. ಸ್ವಿಟ್ಜರ್ಲೆಂಡಿನ ಗುಡ್ಡದ ಗೋಮಾಳ, ಜಪಾನಿನ ಹಳ್ಳಿಗಳ ಕಾಡು, ಸ್ಪೇನಿನ ಹಾಗೂ ಫಿಲಿಪೈನ್ಸಿನ ಕಾಲುವೆಗಳು, ಇಂಥ ಊರೊಟ್ಟಿನ ಆಸ್ತಿಗಳು ಶತಮಾನಗಳವರೆಗೆ ಹೇಗೆ ಬಾಳಿದವೆಂದು ಪರಿಶೀಲಿಸಿ 1990ರಲ್ಲಿ ಗ್ರಂಥ ಬರೆದರು. ಯಾರು ಒಳಗಿನವರು ಯಾರು ಹೊರಗಿನವರೆಂಬುದು ಸ್ಪಷ್ಟವಿರಬೇಕು, ನಿಯಮವನ್ನು ಬಳಸುವವರೇ ಮಾಡಿಕೊಂಡಿರಬೇಕು, ಕಾವಲುಗಾರ ಅವರಿಗೆ ಉತ್ತರ ಹೇಳುವವನಾಗಿರಬೇಕು, ಶಿಕ್ಷೆ ಮೊದಲು ಹಗುರವಾಗಿದ್ದು ಮೆಲ್ಲಗೆ ಏರಬೇಕು, ಜಗಳ ಬಗೆಹರಿಸಲು ಹತ್ತಿರದಲ್ಲಿಯೇ ಒಂದು ಕಟ್ಟೆಯಿರಬೇಕು. ಇವು ಅವರು ಕಂಡ ಲಕ್ಷಣಗಳಲ್ಲಿ ಕೆಲವು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು. ಆ ಶಾಸ್ತ್ರದಲ್ಲಿ ಅದನ್ನು ಪಡೆದ ಮೊದಲ ಮಹಿಳೆ ಅವರು. ನಮ್ಮ ನೀರುಗಂಟಿಗಳು ಯಾವ ಪಾರಿತೋಷಕವನ್ನೂ ಪಡೆಯದೆ ಇದನ್ನೇ ನಡೆಸಿಕೊಂಡು ಬಂದಿದ್ದರು.

ಈಗ ಬಿಟ್ಟಿ ದುಡಿಮೆಯ ಮಾತು. ಸೇವೆಯೆಂದ ಮೇಲೆ ಹಣದ ಸೋಂಕಿರಬಾರದೆಂದು ಹಲವರು ವಾದಿಸುತ್ತಾರೆ. ಉಂಡುಟ್ಟು ಸುಖವಾಗಿರುವವರಿಗೆ ಆ ಮಾತು ಶೋಭಿಸುತ್ತದೆ. ದಿನಗೂಲಿಯಿಂದ ಒಲೆ ಹಚ್ಚುವವನನ್ನು ಕರೆದು, ಒಂದು ದಿನದ ಕೂಲಿ ಬಿಟ್ಟು ಬಾ, ಪುಣ್ಯ ಬರುತ್ತದೆ ಎನ್ನುವುದು ನಮಗೆ ಒಪ್ಪಿಗೆಯಿಲ್ಲ. ಕಾಯಕವೆಂದು ಶರಣರು ಹೇಳಿದ್ದು ಹೊಟ್ಟೆ ತುಂಬಿಸುವ ದುಡಿಮೆಯನ್ನು. ದಾಸೋಹ ಬರುವುದು ಅದರ ನಂತರ. ಇನ್ನೂ ಒಂದು ಕೊಂಕು ಕಾಣುತ್ತೇವೆ. ಕೇರಿಯ ಹೆಣ್ಣುಮಕ್ಕಳು ಕಸ ತೆಗೆದು, ಗೊಬ್ಬರ ಹೊತ್ತು ಬೆಳೆಸಿದ ಹೂವನ್ನು ಬುಟ್ಟಿಯಲ್ಲಿ ಹಿಡಿದು ಗುಡಿಯೊಳಗೆ ಹೋಗುವವರು ಬೇರೆಯವರು. ಮಡಿಗೆ ಬಾಗಿದ ಕೈಗೆ ಬುಟ್ಟಿ ಹಿಡಿಯುವ ಅಧಿಕಾರವಿಲ್ಲದಿದ್ದರೆ ಅಂಥ ಹೂವು ಲಿಂಗಕ್ಕೆ ಸಲ್ಲುವುದಿಲ್ಲವೆಂದು ಸ್ಪಷ್ಟವಾಗಿ ಹೇಳುತ್ತೇವೆ. ಆದ್ದರಿಂದ ಮೋಟಾರು, ಬೇಲಿ, ರಾತ್ರಿಯ ಕಾವಲುಗಳಿಗೆ ಒಬ್ಬರನ್ನು ನೇಮಿಸಿ ಸಂಬಳವನ್ನೇ ಕೊಡಿರಿ. ಕೂಲಿಯವರ ಪಾಳಿಯನ್ನು ಬೆಳಗಿನ ಜಾವಕ್ಕೋ ಸಂಜೆಗೋ ಇಡಿರಿ. ಬೆಳೆದ ಪಲ್ಲೆಯಲ್ಲಿ ಅವರ ಮನೆಯ ಪಾಲು ಮೊದಲು ಹೋಗಲಿ.

ಬೆಂಗಳೂರಿಗೆ ದುಡಿಯಲು ಹೋದ ಮಕ್ಕಳು ಫೋನಿನಲ್ಲಿಯೇ ಹಣ ಕಳಿಸಿ, ನಮ್ಮ ಪಾಳಿ ತೀರಿತಲ್ಲವೆ ಎಂದು ಕೇಳುವುದುಂಟು. ಪೈಪಿಗೆ, ತಂತಿಬೇಲಿಗೆ, ಕಾವಲುಗಾರನ ಸಂಬಳಕ್ಕೆ ಆ ಹಣ ಬೇಕು, ಸಂತೋಷದಿಂದ ತೆಗೆದುಕೊಳ್ಳಿರಿ. ಆದರೆ ಅವರ ಹೆಸರಿನಲ್ಲಿ ಮಡಿ ಇಡಬೇಡಿರಿ, ಕಲ್ಲಿನ ಮೇಲೆ ಹೆಸರನ್ನಂತೂ ಕೆತ್ತಿಸಬೇಡಿರಿ. ತೋಟದಲ್ಲಿ ಕಲ್ಲಿಗಿಂತ ಗಿಡ ಹೆಚ್ಚಿರಬೇಕು.

ಗುದ್ದಲಿ ಹಿಡಿಯಲಾಗದ ಮುದುಕರು ಸದಸ್ಯರಾಗಬಾರದೆ? ಖಂಡಿತ ಆಗಬೇಕು. ಬೀಜ ಆರಿಸುವುದು, ಸೌತೆ ಹೀರೆಗಳ ಬೀಜವನ್ನು ಬೂದಿ ಹಚ್ಚಿ ಕಾಯ್ದಿಡುವುದು, ಹಕ್ಕಿ ಹಾರಿಸುವುದು, ಪಾಳಿಗೆ ಬಂದವರಿಗೆ ಮಜ್ಜಿಗೆ ಕೊಡುವುದು, ಎಲ್ಲಕ್ಕಿಂತ ಹೆಚ್ಚಾಗಿ ಪುಸ್ತಕ ಬರೆಯುವುದು. ಇವೆಲ್ಲ ಪಾಳಿಯೇ. ಕಿರ್ದಿಯಲ್ಲಿ ಇಂದು ಯಾರು ಬಂದರು, ಯಾರು ಬರಲಿಲ್ಲ, ಎಷ್ಟು ಕಟ್ಟು ಪಲ್ಲೆ ಬಂತು, ಎಲ್ಲಿ ಹೋಯಿತು, ಎಷ್ಟು ಖರ್ಚು ಎಂಬುದು ಅಂದಂದೇ ಬರಬೇಕು. ಅಮಾವಾಸ್ಯೆಗೆ ನಮ್ಮಲ್ಲಿ ಎತ್ತು ಹೂಡುವುದಿಲ್ಲ, ಎಲ್ಲರೂ ಊರಲ್ಲಿರುತ್ತಾರೆ. ಅಂದು ಸಂಜೆ ಅದನ್ನು ಕಟ್ಟೆಯ ಮೇಲೆ ಗಟ್ಟಿಯಾಗಿ ಓದಿರಿ. ಓದುವುದಕ್ಕೆ ಶಾಲೆಯ ಹುಡುಗಿಯೊಬ್ಬಳನ್ನು ಹಚ್ಚಿದರೆ ಇನ್ನೂ ಒಳ್ಳೆಯದು. ಹಿರಿಯರ ಹೆಸರನ್ನು ಓದುವಾಗ ಅವಳಿಗೆ ಯಾರ ಮುಲಾಜೂ ಇರುವುದಿಲ್ಲ.

ನಾವು ಮೇಲೆ ಹೇಳಿದ ಊರಿನಲ್ಲಿ ಈಗ ನಲವತ್ತರ ಬದಲು ಹದಿನೆಂಟು ಮನೆಗಳಿವೆ. ದೊಡ್ಡ ಮನೆಯವರು ಮೂರು ಮಡಿಗಳನ್ನು ತಾವಾಗಿಯೇ ಬಿಟ್ಟುಕೊಟ್ಟು ಒಂದನ್ನು ಉಳಿಸಿಕೊಂಡರು, ಅವರ ಸೊಸೆ ಪಾಳಿಗೆ ಬರುತ್ತಾಳೆ. ಬಾಣಂತನ ಮುಗಿಸಿ ಬಂದ ತಾಯಿ ತನಗಾಗಿ ಪಕ್ಕದವರು ಹೊತ್ತ ಒಂಬತ್ತು ಪಾಳಿಗಳನ್ನು ಒಂದೊಂದಾಗಿ ತೀರಿಸುತ್ತಿದ್ದಾಳಂತೆ. ಬೇಡವೆಂದರೂ ಕೇಳುವುದಿಲ್ಲವಂತೆ. ಮಲ್ಲಿಗೆಯನ್ನು ಹೊಸದಾಗಿ ಹಚ್ಚಿದ್ದಾರೆ.

ಕಳೆದ ವಾರ ಆ ಕಡೆಯ ಒಬ್ಬ ತರುಣ ಬಂದು, ಬಿಟ್ಟು ಹೋದವರು ಮತ್ತೆ ಬರುತ್ತೇನೆಂದರೆ ಏನು ಮಾಡಬೇಕ್ರೀ ಎಂದು ಕೇಳಿದ. ಸೇರಿಸಿಕೊಳ್ಳಿರಿ ಎಂದೆವು. ಹಳೆಯ ಮಾತು ಎತ್ತಬೇಡಿರಿ, ಹಳೆಯ ಮಡಿಯನ್ನೂ ಕೊಡಬೇಡಿರಿ. ಕಾಯುವವರ ಸಾಲಿನ ಕೊನೆಯಲ್ಲಿ ಹೆಸರು ಬರೆದುಕೊಂಡು, ಸರದಿ ಬಂದಾಗ ಎಲ್ಲರಂತೆ ಒಂದೇ ಮಡಿ.